ಲೆಕ್ಕಕ್ಕುಂಟು, ಆಟಕ್ಕಿಲ್ಲ

ಫಾರ್ಮುಲಾ ಒನ್ ಆಟವಲ್ಲ, ಬರೀ ಮನರಂಜನೆ ಎಂದು ಮೊದಲು ಕಂಡುಹಿಡಿದವರು ಯಾರು? ಹಳೇ ಅಭಿಮಾನಿಗಳನ್ನು ಕೇಳಿದರೆ ನೆಟ್‌ಫ್ಲಿಕ್ಸ್ ಕಡೆಗೋ ಅಮೆರಿಕದ ಲಿಬರ್ಟಿ ಮೀಡಿಯಾ ಕಡೆಗೋ ಬೆರಳು ತೋರಿಸುತ್ತಾರೆ. ಅನ್ಯಾಯ. ಆ ಕೀರ್ತಿ ಸಲ್ಲಬೇಕಾದ್ದು ನಮ್ಮ ದಿಲ್ಲಿಯ ಕಚೇರಿಗೆ. ಗ್ರೇಟರ್ ನೊಯ್ಡಾದಲ್ಲಿ ರೇಸ್ ನಡೆಸಲು ಹೊರಟಿದ್ದ ಕಂಪನಿ 2009ರಲ್ಲಿ ವಿದೇಶಕ್ಕೆ ಶುಲ್ಕ ಕಳಿಸಲು ಅನುಮತಿ ಕೇಳಿತು. ಕೇಂದ್ರ ಕ್ರೀಡಾ ಸಚಿವಾಲಯ ಕಡತ ತಿರುವಿ ನೋಡಿ, ಇದು ಕ್ರೀಡೆಯಲ್ಲ, ಮನರಂಜನೆ, ಅದೂ ವ್ಯಾಪಾರದ್ದು ಎಂದು ಅರ್ಜಿಯನ್ನು ವಾಪಸ್ ಕಳಿಸಿತು. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಪ್ರಾಣ ಒತ್ತೆಯಿಟ್ಟು ಓಡಿಸುವುದು ಕ್ರೀಡೆಯಲ್ಲವಂತೆ, ಕಡತ ಓಡಿಸುವವರಿಗೆ ವೇಗದ ಬೆಲೆ ಏನು ಗೊತ್ತು ಎಂದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

2011ರಲ್ಲಿ ರೇಸ್ ಬಂದೇ ಬಂತು. ಅದರ ಜೊತೆಗೇ ಮನರಂಜನಾ ತೆರಿಗೆಯ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಟಿಕೆಟ್ ದುಡ್ಡಿನಲ್ಲಿ ಶೇ 25ರಷ್ಟನ್ನು ಬೇರೆ ಖಾತೆಯಲ್ಲಿಡಿ ಎಂದು ಕೋರ್ಟ್ ಹೇಳಿತು. ಮೂರು ವರ್ಷ, ಮೂರು ರೇಸ್. ಮೂರನ್ನೂ ಗೆದ್ದವನು ಸೆಬಾಸ್ಟಿಯನ್ ವೆಟಲ್. 2013ರಲ್ಲಿ ನಾಲ್ಕನೇ ವಿಶ್ವಕಿರೀಟ ಇಲ್ಲೇ ಖಾತ್ರಿಯಾದಾಗ ಆತ ಸಂತೋಷ ತಾಳಲಾರದೆ ಪ್ರೇಕ್ಷಕರ ಎದುರು ಕಾರನ್ನು ಗಿರಗಿರನೆ ತಿರುಗಿಸಿ, ಹೊಗೆ ಎಬ್ಬಿಸಿ, ಇಳಿದು ಬಂದು ಕಾರಿಗೇ ಮಂಡಿಯೂರಿ ನಮಸ್ಕಾರ ಮಾಡಿದ. ಆ ಮೂರು ವರ್ಷದಲ್ಲಿ ಟಿಕೆಟ್ ಕೊಂಡವನಿಗೆ ದಕ್ಕಿದ ಅಪ್ಪಟ ಮನರಂಜನೆ ಅದೊಂದೇ. ಗೆದ್ದವನು ಕಾರನ್ನು ನೆಟ್ಟಗೆ ತಂದು ಗೊತ್ತಾದ ಜಾಗದಲ್ಲಿ ನಿಲ್ಲಿಸಬೇಕಿತ್ತು ಎಂದು ಅಧಿಕಾರಿಗಳು ಅವನ ತಂಡಕ್ಕೆ 25,000 ಯೂರೊ ದಂಡ ಹಾಕಿದರು. ನಾವು ಮನರಂಜನೆ ಅಂತ ತೆರಿಗೆ ಕೇಳಿದೆವು, ಅವರು ಮನರಂಜಿಸಿದ್ದಕ್ಕೆ ದಂಡ ಕೇಳಿದರು. 2014ರಿಂದ ರೇಸೇ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ವರ್ಷಕ್ಕೆ ಕೆಲವೇ ದಿನ ಬಳಸಿದ್ದರೂ ಗ್ರೇಟರ್ ನೊಯ್ಡಾದ ಆ ಬುದ್ಧ್ ಸರ್ಕೀಟು ವಿದೇಶಿ ಕಂಪನಿಯ ಕಾಯಂ ವ್ಯವಹಾರ ಸ್ಥಳವೇ ಹೌದು, ಇಲ್ಲಿ ತೆರಿಗೆ ಕಟ್ಟತಕ್ಕದ್ದು ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅಲ್ಲಿ ಫಾರ್ಮುಲಾ ಒನ್ ಕಾರೂ ಇರಲಿಲ್ಲ, ಚಾಲಕರೂ ಇರಲಿಲ್ಲ. ಕಾಯಂ ಆಗಿ ಉಳಿದದ್ದು ತೆರಿಗೆ ಮಾತ್ರ.

ಈಗ ನೋಡಿದರೆ ದಿಲ್ಲಿಯ ಆ ಗುಮಾಸ್ತ ತ್ರಿಕಾಲಜ್ಞಾನಿ. ಅವನ ಷರಾವನ್ನೇ ಫಾರ್ಮುಲಾ ಒನ್ ತನ್ನ ಧ್ಯೇಯವಾಕ್ಯ ಮಾಡಿಕೊಂಡಿದೆ. 2017ರ ಜನವರಿಯಲ್ಲಿ ಲಿಬರ್ಟಿ ಮೀಡಿಯಾ ಅಂಗಡಿಯ ಬೀಗದಕೈ ತೆಗೆದುಕೊಂಡಿತು. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಡ್ರೈವ್ ಟು ಸರ್ವೈವ್’ ಶುರುವಾಯಿತು. ಹೆಸರಿಗೆ ಸಾಕ್ಷ್ಯಚಿತ್ರ, ಹೂರಣವೆಲ್ಲ ಸಂಜೆ ಏಳೂವರೆಯ ಧಾರಾವಾಹಿಯದು. ಯಾರು ಯಾರನ್ನು ಗುರಾಯಿಸಿದರು, ಯಾರ ಸೀಟಿನ ಮೇಲೆ ಯಾರ ಕಣ್ಣು, ಗೋಡೆ ಮರೆಯಲ್ಲಿ ನಿಂತು ಕೇಳಿಸಿಕೊಂಡವರು ಯಾರು. ಇಲ್ಲದ ಜಗಳ ಹೆಣೆಯುತ್ತಾರೆಂದು ಮ್ಯಾಕ್ಸ್ ವರ್ಸ್ಟಾಪನ್ ಒಂದಷ್ಟು ಕಾಲ ಅವರಿಗೆ ಸಂದರ್ಶನ ಕೊಡುವುದನ್ನೇ ಬಿಟ್ಟಿದ್ದ. ಇತ್ತ ಹಾಸ್ ತಂಡ 2021ರ ಇಡೀ ವರ್ಷ ಒಂದೇ ಒಂದು ಅಂಕ ಗಳಿಸದೆ ಕೊನೆಗೆ ನಿಂತಿತು. ಅದರ ಮುಖ್ಯಸ್ಥ ಗುಂಟರ್ ಸ್ಟೈನರ್ ಮಾತ್ರ ಕ್ಯಾಮೆರಾ ಮುಂದೆ ಬೈದೂ ಬೈದೂ ಲೋಕಪ್ರಸಿದ್ಧನಾದ. ಪರೀಕ್ಷೆಯಲ್ಲಿ ಸೊನ್ನೆ, ಶಾಲಾ ವಾರ್ಷಿಕೋತ್ಸವದಲ್ಲಿ ಮೊದಲ ಬಹುಮಾನ.

ಮುಂದಿನ ದಿಕ್ಕು ಯಾವುದೆಂದು ಗೊತ್ತಾದದ್ದು 2022ರಲ್ಲಿ, ಮಯಾಮಿಯಲ್ಲಿ. ಸರ್ಕೀಟಿನ ಪಕ್ಕದಲ್ಲೊಂದು ಬಂದರು. ಬಂದರಿನಲ್ಲಿ ಸಾಲಾಗಿ ವಿಹಾರ ನೌಕೆಗಳು. ನೌಕೆಗಳ ಕೆಳಗೆ ನೀಲಿ ನೀರು. ಹತ್ತಿರ ಹೋಗಿ ನೋಡಿದರೆ ನೀರು ಅಲ್ಲಾಡುವುದಿಲ್ಲ. ಹಲಗೆಯ ಮೇಲೆ ಅಂಟಿಸಿದ ಬಣ್ಣದ ಹಾಳೆ. ದುಡ್ಡು ಕೊಟ್ಟವರು ಒಣ ನೀರಿನ ಮೇಲೆ ನಿಂತ ದೋಣಿಯಲ್ಲಿ ಕುಳಿತು ಶಾಂಪೇನ್ ಕುಡಿದರು. ಮೊನಾಕೊದಲ್ಲಿ ಸಮುದ್ರವಿದೆ, ಓವರ್‌ಟೇಕ್ ಇಲ್ಲ. ಮಯಾಮಿಯಲ್ಲಿ ಓವರ್‌ಟೇಕ್‌ಗೆ ಜಾಗವಿದೆ, ಸಮುದ್ರವಿಲ್ಲ. ದುಡ್ಡಿದ್ದವರು ಕೊರತೆ ತುಂಬಿಕೊಳ್ಳುವುದು ಹೀಗೆ.

ಬಣ್ಣದ ನೀರು ಸಾಲದೆಂದು 2023ರ ನವೆಂಬರಿನಲ್ಲಿ ಲಾಸ್ ವೇಗಸ್ ಬಂತು. ಬೇರೆ ಊರಿನ ರೇಸುಗಳನ್ನು ಸ್ಥಳೀಯ ಸಂಘಟಕರು ನಡೆಸಿದರೆ ಇದನ್ನು ಫಾರ್ಮುಲಾ ಒನ್ ತಾನೇ ಖುದ್ದಾಗಿ ನಡೆಸಿತು. 24 ಕೋಟಿ ಡಾಲರ್ ಕೊಟ್ಟು ನಿವೇಶನ ಕೊಂಡಿತು. ಉದ್ಘಾಟನೆಗೆ ಗಾಯಕರು, ಬೆಳಕಿನ ಗೋಪುರ, ಕೆಳಗಿನಿಂದ ಮೇಲೇರಿ ಬರುವ ಚಾಲಕರು. ಗುರುವಾರ ರಾತ್ರಿ ಮೊದಲ ಅಭ್ಯಾಸ. ಒಂಬತ್ತು ನಿಮಿಷ ತುಂಬುವ ಮೊದಲೇ ರಸ್ತೆಯಲ್ಲಿದ್ದ ನೀರಿನ ವಾಲ್ವ್‌ನ ಮುಚ್ಚಳ ಎದ್ದು ಕಾರ್ಲೊಸ್ ಸೈನ್ಸ್‌ನ ಫೆರಾರಿಯ ಹೊಟ್ಟೆ ಸೀಳಿತು. ರಸ್ತೆಯ ಮುಚ್ಚಳ ಗಾಡಿಯ ತಳ ಹೊಡೆಯುವುದು ಬೆಂಗಳೂರಿನಲ್ಲಿ ಬಿಟ್ಟಿಯಾಗಿ ಸಿಗುವ ಸೌಲಭ್ಯ. ಅಲ್ಲಿ ಅದಕ್ಕೂ ಟಿಕೆಟ್ ಇತ್ತು. ಮುಚ್ಚಳಗಳನ್ನೆಲ್ಲ ಮತ್ತೆ ಭದ್ರ ಮಾಡುವ ಹೊತ್ತಿಗೆ ನಡುರಾತ್ರಿ ದಾಟಿತ್ತು. ಕಾವಲುಗಾರರ ಪಾಳಿ ಮುಗಿಯಿತೆಂದು ಪ್ರೇಕ್ಷಕರನ್ನು ಹೊರಗೆ ಕಳಿಸಿ, ಬೆಳಗಿನ ಜಾವ ಎರಡೂವರೆಗೆ ಖಾಲಿ ಗ್ಯಾಲರಿಗಳ ಮುಂದೆ ಎರಡನೇ ಅಭ್ಯಾಸ ನಡೆಸಿದರು. ಅಂದಿನ ಒಂದು ದಿನದ ಟಿಕೆಟ್ ಕೊಂಡಿದ್ದವರಿಗೆ ಪರಿಹಾರ ಸಿಕ್ಕಿತು: 200 ಡಾಲರಿನ ಕೂಪನ್. ಎಲ್ಲಿ ಖರ್ಚು ಮಾಡಬೇಕು? ರೇಸಿನದ್ದೇ ಅಂಗಡಿಯಲ್ಲಿ, ಟೋಪಿ ಕೊಳ್ಳಲು. ಟೋಪಿ ಹಾಕಿಸಿಕೊಂಡವರಿಗೇ ಮತ್ತೊಂದು ಟೋಪಿ!

ಸೈನ್ಸ್‌ನದು ಬೇರೆ ಕಥೆ. ಮುಚ್ಚಳದ ಏಟಿಗೆ ಬ್ಯಾಟರಿ ಹಾಳಾಯಿತು, ಬ್ಯಾಟರಿ ಬದಲಾಯಿಸಿದ್ದಕ್ಕೆ ಹತ್ತು ಸ್ಥಾನದ ಶಿಕ್ಷೆ. ನಿಮ್ಮ ತಪ್ಪಿಲ್ಲ, ನಮಗೂ ಗೊತ್ತು, ಆದರೆ ವಿನಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ತೀರ್ಪುಗಾರರು ಕೈಚೆಲ್ಲಿದರು. ಈ ಮಾತು ಕೇಳಿದಾಗ ಯಾವ ತಾಲ್ಲೂಕು ಕಚೇರಿಯ ಕಿಟಕಿಯೆದುರು ನಿಂತಿದ್ದೇನೆ ಎಂದು ಅರೆಕ್ಷಣ ಗೊಂದಲವಾಯಿತು. ಅತ್ತ ವರ್ಸ್ಟಾಪನ್, ಇದರಲ್ಲಿ ಶೇ 99 ತಮಾಷೆ, ಶೇ ಒಂದು ಕ್ರೀಡೆ ಎಂದು ಎಲ್ಲರೆದುರು ಹೇಳಿದ. ಹೇಳಿ, ಎಲ್ವಿಸ್ ಪ್ರೆಸ್ಲಿಯ ವೇಷದಂಥ ಪೋಷಾಕು ತೊಟ್ಟು, ರೇಸ್ ಗೆದ್ದು, ರೇಡಿಯೊದಲ್ಲಿ ಆ ಊರಿನ ಹಾಡನ್ನೂ ಹಾಡಿದ. ಸಂಭಾವನೆ ತೆಗೆದುಕೊಂಡ ಮೇಲೆ ಪಾತ್ರಕ್ಕೆ ದ್ರೋಹ ಬಗೆಯಬಾರದು, ಅಷ್ಟೇ.

ಅದೇ ವರ್ಸ್ಟಾಪನ್ 2024ರಲ್ಲಿ ಸಿಂಗಪುರದ ಪತ್ರಿಕಾಗೋಷ್ಠಿಯಲ್ಲಿ ತನ್ನ ಕಾರಿನ ಬಗ್ಗೆ ಒಂದು ಕೆಟ್ಟ ಮಾತಾಡಿದ. ವಿಶ್ವ ಮೋಟಾರು ಸಂಸ್ಥೆ ಎಫ್‌ಐಎ ಅವನನ್ನು ಸಮಾಜಸೇವೆಗೆ ಹಚ್ಚಿತು. ಆತ ಡಿಸೆಂಬರಿನಲ್ಲಿ ರುವಾಂಡಕ್ಕೆ ಹೋಗಿ ಮಕ್ಕಳಿಗೆ ರೇಸಿಂಗ್ ಹೇಳಿಕೊಟ್ಟು ಋಣ ತೀರಿಸಿದ. ಮರು ತಿಂಗಳು ಬೈಗುಳದ ದರಪಟ್ಟಿಯೇ ಹೊರಬಿತ್ತು: ಫಾರ್ಮುಲಾ ಒನ್ ಚಾಲಕನಿಗೆ ಮೊದಲ ಸಲ 40,000 ಯೂರೊ, ಮೂರನೇ ಸಲಕ್ಕೆ 1,20,000 ಯೂರೊ ಜೊತೆಗೆ ಅಮಾನತು. ಚಾಲಕರು ಗಲಾಟೆ ಮಾಡಿದ ಮೇಲೆ ದರವನ್ನು ಅರ್ಧಕ್ಕಿಳಿಸಿದರು. ಇದೇ ಬೈಗುಳವನ್ನು ನೆಟ್‌ಫ್ಲಿಕ್ಸ್ ಮಾರಿದರೆ ಆದಾಯ, ಚಾಲಕ ಪುಕ್ಕಟೆ ಹಂಚಿದರೆ ಅಪರಾಧ.

ಆದರೆ ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು 2025ರ ಜುಲೈನಲ್ಲಿ, ಸಿಲ್ವರ್‌ಸ್ಟೋನ್ ರೇಸಿನ ದಿನ. ನಿಕೊ ಹುಲ್ಕೆನ್‌ಬರ್ಗ್ ಎಂಬ ಜರ್ಮನ್ ಚಾಲಕ 2010ರಿಂದ ಓಡಿಸುತ್ತ ಬಂದಿದ್ದ. ಒಳ್ಳೆಯ ಕೈ, ಕೆಟ್ಟ ಗ್ರಹಚಾರ. ಎಷ್ಟೋ ಸಲ ಹತ್ತಿರ ಬಂದು ಜಾರಿದ್ದ. ಆ ದಿನ ಮಳೆ, ಗೊಂದಲ, ಒದ್ದೆ ರಸ್ತೆ. ಹತ್ತೊಂಬತ್ತನೇ ಸ್ಥಾನದಿಂದ ಹೊರಟವನು ಮೂರನೆಯವನಾಗಿ ಗುರಿ ಮುಟ್ಟಿದ. ತನ್ನ 239ನೇ ರೇಸಿನಲ್ಲಿ ಮೊದಲ ಪೋಡಿಯಂ. ಅವನ ಎದುರಾಳಿ ತಂಡದವರೂ ಬಂದು ಅಪ್ಪಿಕೊಂಡರು. ಇದಕ್ಕಿಂತ ಒಳ್ಳೆಯ ಚಿತ್ರಕಥೆಯನ್ನು ಯಾವ ಧಾರಾವಾಹಿಯವನೂ ಬರೆಯಲಾರ. ಮೆಟ್ಟಿಲೇರಿ ನಿಂತ, ಕೈ ಚಾಚಿದ, ಪಾರಿತೋಷಕ ಕೊಟ್ಟರು. ಪ್ಲಾಸ್ಟಿಕ್. ಲೆಗೊ ಕಂಪನಿಯ ಜೊತೆ ಒಪ್ಪಂದವಿತ್ತು, ಹಾಗಾಗಿ ಆ ದಿನ ಕಪ್ಪುಗಳೆಲ್ಲ ಮಕ್ಕಳ ಆಟಿಕೆ ಇಟ್ಟಿಗೆಗಳನ್ನು ಜೋಡಿಸಿ ಮಾಡಿದ್ದವು. ಹದಿನೈದು ವರ್ಷ ಕಾದವನು ಪಾಪ, ನಗುನಗುತ್ತಲೇ ಎತ್ತಿ ಹಿಡಿದ. ತನ್ನ ಚಿಕ್ಕ ಮಗಳಿಗೆ ಆಡಲಿಕ್ಕಾಯಿತು ಅಂದ. ಅವನ ದೊಡ್ಡತನ ಅದು. ಕೊಟ್ಟವರದ್ದಲ್ಲ.

ಹಾಗಂತ ಸರ್ಕಸ್ಸಿನ ಖ್ಯಾತಿಯೆಲ್ಲ ಅಮೆರಿಕದವರಿಗೆ ಕಟ್ಟುವುದೂ ಸರಿಯಲ್ಲ. ಅವರು ಬರುವ ಮೊದಲು ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮೇಲೆ ಕೂತಿದ್ದ ಬರ್ನಿ ಎಕ್ಲ್‌ಸ್ಟನ್ ಇನ್ನೂ ದೊಡ್ಡ ಕಲಾವಿದ. ಮಳೆ ಬಂದರೆ ರೇಸ್ ರೋಚಕವಾಗುತ್ತದೆ, ಹಾಗಾಗಿ ಟ್ರ್ಯಾಕಿನ ಪಕ್ಕ ನೀರು ಚಿಮ್ಮುವ ಯಂತ್ರ ಕೂರಿಸಿ ಕೃತಕ ಮಳೆ ಸುರಿಸೋಣ ಎಂದು 2011ರಲ್ಲಿ ಸೂಚಿಸಿದ ಮಹಾನುಭಾವ ಆತ. ಯಂತ್ರ ಬರಲಿಲ್ಲ. 2021ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ನಿಜವಾದ ಮಳೆಯೇ ಬಂತು. ಏನು ಮಾಡಿದರು? ಸೇಫ್ಟಿ ಕಾರಿನ ಹಿಂದೆ ಮದುವೆ ದಿಬ್ಬಣದಂತೆ ಕಾರುಗಳನ್ನು ಎರಡು ಮೂರು ಸುತ್ತು ಕರೆದುಕೊಂಡು ಹೋಗಿ, ರೇಸ್ ಮುಗಿಯಿತು ಎಂದು ಘೋಷಿಸಿ, ಅರ್ಧ ಅಂಕ ಹಂಚಿದರು. ದಿನವಿಡೀ ಕೊಡೆ ಹಿಡಿದು ಕೆಸರಿನಲ್ಲಿ ನಿಂತವರಿಗೆ ಅರ್ಧ ದುಡ್ಡೂ ವಾಪಸ್ ಸಿಗಲಿಲ್ಲ. 2025ರಲ್ಲಿ ಅದೇ ಸ್ಪಾ, ಮತ್ತೆ ಮಳೆ, ಎಂಬತ್ತು ನಿಮಿಷ ತಡ. ರಸ್ತೆ ಒಣಗುತ್ತ ಬಂದ ಮೇಲೆಯೇ ರೇಸಿಗೆ ಚಾಲನೆ. ಚಾಲಕನ ಜೀವಕ್ಕಿಂತ ರೇಸ್ ದೊಡ್ಡದಲ್ಲ, ನೀರಿನ ತುಂತುರಲ್ಲಿ ಮುಂದಿನ ಕಾರು ಕಾಣಿಸುವುದಿಲ್ಲ, ಎಲ್ಲ ಒಪ್ಪಿದೆ. ಆದರೆ ಮಳೆಗೆಂದೇ ತಯಾರಿಸಿದ ಟೈರನ್ನು ಮಳೆ ನಿಂತ ಮೇಲೆ ಹಾಕಿಕೊಂಡು ಓಡುವ ವ್ಯವಸ್ಥೆಯನ್ನು ಕಂಡರೆ ನಮ್ಮ ಪಾಲಿಕೆಯವರಿಗೂ ಹೊಟ್ಟೆಕಿಚ್ಚಾದೀತು.

ಎಕ್ಲ್‌ಸ್ಟನ್ ಕಾಲದ್ದೇ ಇನ್ನೆರಡು ಪ್ರಯೋಗಗಳಿವೆ. 2014ರಲ್ಲಿ ಅಬುಧಾಬಿಯ ಕೊನೆಯ ರೇಸಿಗೆ ಎರಡರಷ್ಟು ಅಂಕ ಇಟ್ಟರು. ಮರು ವರ್ಷ ಕೈಬಿಟ್ಟರು. 2016ರಲ್ಲಿ ಅರ್ಹತಾ ಸುತ್ತಿಗೆ ಒಂದೂವರೆ ನಿಮಿಷಕ್ಕೊಬ್ಬನನ್ನು ಹೊರಗಟ್ಟುವ ಕುರ್ಚಿಯಾಟ ತಂದರು. ಮೆಲ್ಬರ್ನ್‌ನಲ್ಲಿ ರೋಚಕ ಘಟ್ಟ ಬರಬೇಕಾದ ಕೊನೆಯ ನಿಮಿಷಗಳಲ್ಲಿ ಟ್ರ್ಯಾಕಿನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಟೈರು ಉಳಿಸಲೆಂದು ಎಲ್ಲರೂ ಗ್ಯಾರೇಜಿಗೆ ಹೋಗಿ ಬಟ್ಟೆ ಬದಲಾಯಿಸುತ್ತಿದ್ದರು. ಇದು ಸೋತಿತೆಂದು ಜಗತ್ತೆಲ್ಲ ಕೂಗಿತು. ಸೋತಿದೆ ಎಂಬುದನ್ನು ಖಾತ್ರಿ ಮಾಡಿಕೊಳ್ಳಲು ಬಹರೈನ್‌ನಲ್ಲಿ ಮತ್ತೊಮ್ಮೆ ನಡೆಸಿ, ಆಮೇಲೆ ಬಿಟ್ಟರು.

ಈ ಪರಂಪರೆಯ ಇತ್ತೀಚಿನ ಕೊಡುಗೆ 2025ರ ಮೊನಾಕೊ. ಅಲ್ಲಿ ಓವರ್‌ಟೇಕ್ ಆಗುವುದಿಲ್ಲ, ಹಾಗಾಗಿ ಎಲ್ಲರೂ ಎರಡೆರಡು ಸಲ ಪಿಟ್‌ಗೆ ಬಂದು ಟೈರು ಬದಲಾಯಿಸಲೇಬೇಕು ಎಂದು ಕಟ್ಟಪ್ಪಣೆ. ತಂಡಗಳು ನಿಯಮ ಓದಿದವು, ಅದರ ಜುಟ್ಟು ಹಿಡಿದವು. ಒಬ್ಬ ಚಾಲಕ ಬೇಕೆಂದೇ ನಿಧಾನವಾಗಿ ಓಡಿಸಿ ಹಿಂದಿನವರನ್ನೆಲ್ಲ ತಡೆದು ನಿಲ್ಲಿಸುವುದು, ಆ ಸಮಯದಲ್ಲಿ ಅದೇ ತಂಡದ ಇನ್ನೊಬ್ಬ ಆರಾಮಾಗಿ ಟೈರು ಬದಲಾಯಿಸಿಕೊಂಡು ಬರುವುದು. ರೇಸಿಂಗ್ ಬುಲ್ಸ್ ಮಾಡಿತು, ಅದನ್ನು ನೋಡಿ ವಿಲಿಯಮ್ಸ್ ಮಾಡಿತು. ಹಿಂದೆ ಸಿಕ್ಕಿಕೊಂಡ ಜಾರ್ಜ್ ರಸಲ್ ಸಹನೆ ಕಳೆದುಕೊಂಡು ತಿರುವನ್ನೇ ಅಡ್ಡ ಹಾಯ್ದು ಮುಂದೆ ಹೋದ, ಜಾಗ ಬಿಟ್ಟುಕೊಡುವುದಿಲ್ಲ ಶಿಕ್ಷೆ ಕೊಟ್ಟುಕೊಳ್ಳಿ ಅಂದ, ಕೊಟ್ಟರು. ಜಗತ್ತಿನ ಅತಿ ವೇಗದ ಚಾಲಕರು ನಿಧಾನವಾಗಿ ಹೋಗುವುದರಲ್ಲಿ ಸ್ಪರ್ಧೆಗೆ ಬಿದ್ದದ್ದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು.

ಆಮೇಲೆ ಆ ಸಿನಿಮಾ. 2025ರಲ್ಲಿ ಬ್ರ್ಯಾಡ್ ಪಿಟ್ ನಟಿಸಿದ ‘ಎಫ್1’ ಬಂತು. ಲೂಯಿಸ್ ಹ್ಯಾಮಿಲ್ಟನ್ ಅದರ ನಿರ್ಮಾಪಕರಲ್ಲಿ ಒಬ್ಬ, ಫಾರ್ಮುಲಾ ಒನ್ನಿನ ಪೂರ್ಣ ಸಹಕಾರ. ನಾಯಕ ಏನು ಮಾಡುತ್ತಾನೆ? ಬೇಕೆಂದೇ ಢಿಕ್ಕಿ ಹೊಡೆದು ಸೇಫ್ಟಿ ಕಾರು ತರಿಸಿ, ಅದರ ಲಾಭವನ್ನು ತನ್ನ ತಂಡದ ಹುಡುಗನಿಗೆ ದಾಟಿಸುತ್ತಾನೆ. ಪ್ರೇಕ್ಷಕರು ಶಿಳ್ಳೆ ಹೊಡೆಯುತ್ತಾರೆ. 2008ರಲ್ಲಿ ಸಿಂಗಪುರದಲ್ಲಿ ರೆನೊ ತಂಡ ಇದನ್ನೇ ಮಾಡಿತ್ತು: ನೆಲ್ಸನ್ ಪಿಕೆ ಜೂನಿಯರ್ ಹೇಳಿದ ಜಾಗದಲ್ಲಿ ಗೋಡೆಗೆ ಗುದ್ದಿದ, ಫರ್ನಾಂಡೊ ಅಲೊನ್ಸೊ ಗೆದ್ದ. ಮರು ವರ್ಷ ಬಯಲಾದಾಗ ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೋರೆಗೆ ಎಫ್‌ಐಎ ಅನಿರ್ದಿಷ್ಟ ಕಾಲದ ಬಹಿಷ್ಕಾರ ಹಾಕಿತು. 2010ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ಮನುಷ್ಯ 2024ರಲ್ಲಿ ಆಲ್ಪೀನ್ ತಂಡಕ್ಕೆ ಸಲಹೆಗಾರನಾಗಿ ಹೂವಿನ ಹಾರ ಹಾಕಿಸಿಕೊಂಡು ವಾಪಸ್ ಬಂದ. ಆಲ್ಪೀನ್ ಯಾರದ್ದು? ರೆನೊದ್ದೇ. ಅವನು ಆಗ ಮಾಡಿದ್ದು ಮೋಸವಲ್ಲ ಬಿಡಿ, ಹದಿನೇಳು ವರ್ಷ ಮೊದಲೇ ಬರೆದ ಚಿತ್ರಕಥೆ. ಪಾಪ, 2021ರ ಅಬುಧಾಬಿಯ ಕೊನೆಯ ಸುತ್ತಿಗೆ ಮುನ್ನ ಹ್ಯಾಮಿಲ್ಟನ್–ವರ್ಸ್ಟಾಪನ್ ನಡುವೆ ಇದ್ದ ಐದು ಕಾರುಗಳನ್ನು ಮಾತ್ರ ಆಯ್ದು ದಾರಿ ಬಿಡಿಸಿದ ರೇಸ್ ನಿರ್ದೇಶಕ ಮೈಕೆಲ್ ಮಾಸಿ ಕೆಲಸ ಕಳೆದುಕೊಂಡ. ಹಾಲಿವುಡ್‌ಗೆ ಹೋಗಬೇಕಿದ್ದವನು ತಪ್ಪು ಕಚೇರಿಯಲ್ಲಿದ್ದ.

ಇಷ್ಟೆಲ್ಲ ಬರೀ ಅಲಂಕಾರ, ಕಾರು ಕಾರಿನಂತೆ ಓಡಿದರೆ ಸಾಕು ಎನ್ನುವ ಸಹಿಷ್ಣು ಅಭಿಮಾನಿಗಳೂ ಇದ್ದಾರೆ. ಅವರ ಚಿಂತೆ 2026ರ ಹೊಸ ನಿಯಮಾವಳಿ. ಎಂಜಿನ್ 1.6 ಲೀಟರಿನದ್ದೇ, ಆದರೆ ಅದರ ಶಕ್ತಿಯನ್ನು ಸುಮಾರು 400 ಕಿಲೋವ್ಯಾಟ್‌ಗೆ ಇಳಿಸಿದರು. ವಿದ್ಯುತ್ ಮೋಟಾರನ್ನು 120ರಿಂದ 350 ಕಿಲೋವ್ಯಾಟ್‌ಗೆ ಏರಿಸಿದರು. ಹೆಚ್ಚುಕಡಿಮೆ ಅರ್ಧ ಪೆಟ್ರೋಲು, ಅರ್ಧ ಕರೆಂಟು. ತೊಡಕೇನೆಂದರೆ ಆ 350 ಕಿಲೋವ್ಯಾಟನ್ನು ಪೂರ್ತಿ ಬಳಸಿದರೆ ಬ್ಯಾಟರಿ ಕೆಲವು ಸೆಕೆಂಡುಗಳಲ್ಲಿ ಕೈಕೊಡುತ್ತದೆ. ಬ್ರೇಕ್ ಹಾಕಿದಾಗ ತುಂಬುವುದು ಸಾಲದು. ಹಾಗಾಗಿ ನೇರ ದಾರಿಯ ಕೊನೆಯಲ್ಲಿ, ಚಾಲಕ ಕಾಲು ಪೂರ್ತಿ ಒತ್ತಿ ಹಿಡಿದಿರುವಾಗಲೇ, ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಕೊಡದೆ ಬ್ಯಾಟರಿ ತುಂಬಲು ಕಳಿಸುವ ಏರ್ಪಾಡು. ಕಾಲು ಮುಂದಕ್ಕೆ, ಕಾರು ಹಿಂದಕ್ಕೆ. ಮೊಂಜಾದಲ್ಲಿ ತಿರುವಿಗೆ ನಾನೂರು ಮೀಟರ್ ಮೊದಲೇ ಗೇರು ಇಳಿಸಬೇಕಾಗುತ್ತದೆ, ನೋಡಲಿಕ್ಕೂ ಚೆನ್ನಾಗಿಲ್ಲ ಎಂದು ವರ್ಸ್ಟಾಪನ್ 2023ರಲ್ಲೇ ಸಿಮ್ಯುಲೇಟರ್‌ನಿಂದ ಬಂದ ಅಂಕಿಅಂಶ ನೋಡಿ ಗೊಣಗಿದ್ದ.

ಬೆಂಗಳೂರಿನವರಿಗೆ ಇದು ಹೊಸದಲ್ಲ. 2001ರಲ್ಲಿ ನಮ್ಮೂರಲ್ಲೇ ತಯಾರಾದ ರೇವಾ ಕಾರು ಕೊಂಡವರು ಇದೇ ವಿದ್ಯೆಯಲ್ಲಿ ಪಾರಂಗತರು. ಸಿಗ್ನಲ್ ಇನ್ನೂ ದೂರವಿರುವಾಗಲೇ ಕಾಲು ತೆಗೆಯುವುದು, ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದು ಉರುಳುವುದು, ಬ್ಯಾಟರಿ ಮುಳ್ಳಿನ ಮೇಲೆ ಒಂದು ಕಣ್ಣು, ಮನೆಗೆ ಉಳಿದ ದೂರದ ಮೇಲೆ ಇನ್ನೊಂದು. ಆಗ ಅದನ್ನು ಪೇಚಾಟ ಅನ್ನುತ್ತಿದ್ದರು. ಈಗ ಇಂಧನ ನಿರ್ವಹಣೆಯ ತಂತ್ರಗಾರಿಕೆ. ರೇವಾ ಓಡಿಸಿದ ಹಿರಿಯರನ್ನು ಫಾರ್ಮುಲಾ ಒನ್ ತಂಡಗಳು ಗೌರವ ಧನ ಕೊಟ್ಟು ಕರೆಸಿಕೊಳ್ಳಬಹುದು.

ಯಾಕಪ್ಪಾ ಇಷ್ಟು ಕಸರತ್ತು ಎಂದರೆ, ಪರಿಸರ. 2030ಕ್ಕೆ ನಿವ್ವಳ ಶೂನ್ಯ ಇಂಗಾಲ ಎಂದು 2019ರಲ್ಲಿ ಪ್ರತಿಜ್ಞೆ ಮಾಡಿದ್ದಾರೆ. ಅದೇ ಹೊತ್ತಿಗೆ ಅವರೇ ಪ್ರಕಟಿಸಿದ ಲೆಕ್ಕ ಹೀಗಿತ್ತು: ವರ್ಷದ ಒಟ್ಟು ಇಂಗಾಲದಲ್ಲಿ ರೇಸಿನ ಕಾರುಗಳ ಎಂಜಿನ್ನಿನಿಂದ ಬರುವುದು ಶೇ 0.7. ಸಾಮಾನು ಸರಂಜಾಮನ್ನು ಊರಿಂದೂರಿಗೆ ಸಾಗಿಸುವುದರಿಂದ ಶೇ 45. ಆದ್ದರಿಂದ ಅವರು ಆ 0.7ನ್ನು ಸರಿಪಡಿಸಲು ಕೋಟಿಗಟ್ಟಲೆ ಸುರಿದು, ರೇಸುಗಳ ಸಂಖ್ಯೆಯನ್ನು ಮಾತ್ರ 24ಕ್ಕೆ ಏರಿಸಿದರು. ಅತ್ತ ಮಯಾಮಿ, ಇತ್ತ ಕತಾರ್. 2025ರಲ್ಲಿ ಕೊಲ್ಲಿಯಲ್ಲೇ ನಾಲ್ಕು ರೇಸು. 1906ರಲ್ಲಿ ಮೊಟ್ಟಮೊದಲ ಗ್ರಾನ್ ಪ್ರಿ ನಡೆದ ಫ್ರಾನ್ಸಿಗೆ 2022ರ ನಂತರ ರೇಸಿಲ್ಲ. ಮರ್ಸಿಡಿಸ್ ಇದೆ, ಔಡಿ ಬಂದಿದೆ, ಆದರೆ ಜರ್ಮನಿಯಲ್ಲಿ 2020ರ ಮೇಲೆ ರೇಸಿಲ್ಲ. ಸ್ಪಾಗೆ ಇನ್ನು ಮುಂದೆ 2028ರಲ್ಲಿ, 2030ರಲ್ಲಿ ರಜೆ. ಮ್ಯಾಡ್ರಿಡ್‌ನಲ್ಲಿ ಹೊಸ ಸರ್ಕೀಟು, ವಸ್ತುಪ್ರದರ್ಶನ ಮೈದಾನದ ಸುತ್ತ. ಜಾಗದ ಆಯ್ಕೆಯಲ್ಲಿ ಯಾವ ಮುಚ್ಚುಮರೆಯೂ ಇಲ್ಲ.

ಹೊಸ ತಂಡ ಬರಲಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಬೇಡಿಕೊಂಡರು. ಆಂಡ್ರೆಟ್ಟಿ ಮನೆತನ ಅರ್ಜಿ ಹಾಕಿತು. ಮಾರಿಯೊ ಆಂಡ್ರೆಟ್ಟಿ 1978ರ ವಿಶ್ವ ಚಾಂಪಿಯನ್. ಎಫ್‌ಐಎ ಒಪ್ಪಿತು. ನಿಮ್ಮ ಹೆಸರಿನಿಂದ ನಮಗೆ ಬೆಲೆ ಬರುವುದಿಲ್ಲ, ನಮ್ಮಿಂದ ನಿಮಗೆ ಬರುತ್ತದೆ ಎಂಬ ಧಾಟಿಯಲ್ಲಿ 2024ರ ಜನವರಿಯಲ್ಲಿ ಫಾರ್ಮುಲಾ ಒನ್ ಬಾಗಿಲು ಹಾಕಿತು. ಅದೇ ವರ್ಷ ಅದರ ಗ್ರಿಡ್ಡಿನಲ್ಲಿ ವೀಸಾ ಕ್ಯಾಶ್ ಆ್ಯಪ್ ಆರ್‌ಬಿ ಎಂಬ ತಂಡವಿತ್ತು, ಸ್ಟೇಕ್ ಕಿಕ್ ಸೌಬರ್ ಎಂಬ ತಂಡವಿತ್ತು. ಬೆಲೆ ತರುವ ಹೆಸರುಗಳು ಹೇಗಿರಬೇಕೆಂದು ಅಷ್ಟರ ಮೇಲೂ ಗೊತ್ತಾಗದಿದ್ದರೆ ಹೇಗೆ? ವರ್ಷಾಂತ್ಯಕ್ಕೆ ಅದೇ ಅರ್ಜಿ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ಹೆಸರಲ್ಲಿ ಬಂದಾಗ ಬಾಗಿಲು ತಾನಾಗಿ ತೆರೆಯಿತು. ನಮ್ಮ ಬೆಂಗಳೂರಿಗೂ ಒಂದು ಕಾಲಕ್ಕೆ ತಂಡವಿತ್ತು ಎಂಬುದನ್ನು ಇಲ್ಲಿ ಸಂಕೋಚದಿಂದ ನೆನೆಯಬೇಕು. ವಿಜಯ್ ಮಲ್ಯರ ಫೋರ್ಸ್ ಇಂಡಿಯಾ 2016, 2017ರಲ್ಲಿ ಸಣ್ಣ ಬಜೆಟ್ಟಿನಲ್ಲಿ ನಾಲ್ಕನೇ ಸ್ಥಾನ ಗಳಿಸಿತು. ಆ ತಂಡದ ಕಾರುಗಳು ವೇಗವಾಗಿ ಓಡುತ್ತಿದ್ದವು. ಮಾಲೀಕರು ಇನ್ನೂ ವೇಗವಾಗಿ ಲಂಡನ್ ಮುಟ್ಟಿದರು.

ಶಬ್ದದ ವಿಷಯ ಬಿಟ್ಟರೆ ಹಳಬರು ನನ್ನನ್ನು ಮನೆಗೆ ಸೇರಿಸುವುದಿಲ್ಲ. 2011ರ ಸೆಪ್ಟೆಂಬರಿನಲ್ಲಿ ಹ್ಯಾಮಿಲ್ಟನ್ ನೈಸ್ ರಸ್ತೆಯಲ್ಲಿ ಮೆಕ್‌ಲಾರೆನ್ ಓಡಿಸಿ ತೋರಿಸಿದ್ದ. ವಿ8 ಎಂಜಿನ್ನಿನ ಆ ಕಿರುಚು ಕಿವಿಯಿಂದ ಒಳಗೆ ಹೋಗಿ ಎದೆಗೂಡಿನಲ್ಲಿ ಮೊಳಗುತ್ತಿತ್ತು. 2014ರಲ್ಲಿ ಟರ್ಬೊ ಹೈಬ್ರಿಡ್ ಬಂದಾಗ ಶಬ್ದ ಸತ್ತೇಹೋಯಿತೆಂದು ಹಾಹಾಕಾರವೆದ್ದಿತು. ಪರಿಹಾರವಾಗಿ ಮರ್ಸಿಡಿಸ್ ಏನು ಮಾಡಿತು? ಸೈಲೆನ್ಸರ್ ಕೊಳವೆಯ ತುದಿಗೆ ದೊಡ್ಡದೊಂದು ತುತ್ತೂರಿ ಸಿಕ್ಕಿಸಿ ಬಾರ್ಸಿಲೋನಾದಲ್ಲಿ ನಿಕೊ ರಾಸ್ಬರ್ಗ್ ಕೈಲಿ ಓಡಿಸಿ ನೋಡಿತು. ಜಗತ್ತಿನ ಅತ್ಯಂತ ಮುಂದುವರಿದ ಎಂಜಿನಿಯರುಗಳು, ಗಾಳಿ ಸುರಂಗ, ಕಂಪ್ಯೂಟರ್, ಕೊನೆಗೆ ಜಾತ್ರೆ ತುತ್ತೂರಿ. ಅದೂ ಊದಲಿಲ್ಲ. ಇತ್ತ ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯಂ, 2026ರ ಎಂಜಿನ್ ಒಂದು ಸುತ್ತೂ ಓಡುವ ಮೊದಲೇ, 2025ರ ಫೆಬ್ರುವರಿಯಲ್ಲಿ ವಿ10 ವಾಪಸ್ ತರೋಣವೇ ಎಂದರು. ವಿದ್ಯುತ್ತಿನ ಆಸೆಗೇ ಬಂದ ಔಡಿ, ಹೋಗಿ ಮತ್ತೆ ಬಂದ ಹೋಂಡಾ ಮುಖ ಗಂಟಿಕ್ಕಿದವು. ಆಮೇಲೆ ವಿ8 ಅಂದರು. ಗೃಹಪ್ರವೇಶಕ್ಕೆ ಕರೆದು, ಊಟದ ಪಂಕ್ತಿಯಲ್ಲೇ ಮನೆ ಕೆಡವುವ ಮೇಸ್ತ್ರಿಯನ್ನು ಪರಿಚಯ ಮಾಡಿಸಿದ ಹಾಗೆ.

ನಮ್ಮ ಮಹಡಿ ಮನೆಯ ಹಿರಿಯರಿಗೆ ಈ ಸುದ್ದಿ ತಿಳಿದಂದು ದೀಪಾವಳಿ. ಅವರ ಫೋನಿನ ರಿಂಗ್‌ಟೋನೇ ವಿ10. ಭಾನುವಾರ ಸಂಜೆ ಆರೂವರೆಗೆ ಯುರೋಪಿನ ರೇಸ್ ಶುರುವಾಗುವ ಮುನ್ನ ಅವರ ಅಣ್ಣನ ಮಗಳೂ ಬರುತ್ತಾಳೆ. ನೆಟ್‌ಫ್ಲಿಕ್ಸ್ ನೋಡಿ ಅಭಿಮಾನಿಯಾದವಳು, ಆದರೆ ಈಗ ಟೈರಿನ ಉಷ್ಣಾಂಶದ ತನಕ ಎಲ್ಲ ಬಲ್ಲಳು. ಅವಳಿಗೂ ಬ್ಯಾಟರಿಯಾಟ ಹಿಡಿಸಿಲ್ಲ, ಲೆಗೊ ಕಪ್ಪಂತೂ ಮೊದಲೇ ಹಿಡಿಸಿರಲಿಲ್ಲ. ಆದರೆ ಚಿಕ್ಕಪ್ಪ ಸುವರ್ಣಯುಗದ ಪುರಾಣ ತೆಗೆದರೆ ಸುಮ್ಮನಿರುವವಳಲ್ಲ.

“ವಿ10ನ ಕೊನೇ ವರ್ಷ 2005 ಅಲ್ವಾ ಚಿಕ್ಕಪ್ಪ? ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಟೈರ್ ಜಗಳಕ್ಕೆ ಹದಿನಾಲ್ಕು ಕಾರು ವಾಪಸ್ ಹೋಗಿ, ಬರೀ ಆರು ಕಾರು ರೇಸ್ ಮಾಡಿದ್ವಂತೆ?”

“ಅದರಲ್ಲೇ ಕಣಮ್ಮ ನಮ್ಮ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವನಾಗಿ ಐದು ಪಾಯಿಂಟ್ ತಗೊಂಡಿದ್ದು.”

“ಆರರಲ್ಲಿ ನಾಲ್ಕನೇದು.”

“ಶಬ್ದ ಚೆನ್ನಾಗಿತ್ತು,” ಎಂದು ಹಿರಿಯರು ಮಾತು ಮುಗಿಸಿದರು. ಆಮೇಲೆ ಇದು ಆಟವಲ್ಲ, ಶುದ್ಧ ವ್ಯಾಪಾರ, ಮುಂದಿನ ವರ್ಷದಿಂದ ನೋಡುವುದಿಲ್ಲ ಎಂದು ಕಳೆದ ವರ್ಷದ ಪ್ರತಿಜ್ಞೆಯನ್ನು ಇನ್ನೊಮ್ಮೆ ಮಾಡಿದರು. ಟಿವಿಯಲ್ಲಿ ಕಾರುಗಳು ವಾರ್ಮ್‌ಅಪ್ ಸುತ್ತಿಗೆ ಹೊರಟಿದ್ದವು. ಅಷ್ಟರಲ್ಲಿ ಪರದೆ ಕಪ್ಪಾಯಿತು, ಫ್ಯಾನ್‌ಕೋಡ್ ಪಾಸಿನ ಅವಧಿ ಮುಗಿದಿದೆ ಎಂದು ತೋರಿಸಿತು.

“ಲೇ, ಬೇಗ ದುಡ್ಡು ಹಾಕು! ಓಟಿಪಿ ನನ್ನ ಫೋನಿಗೆ ಬರುತ್ತೆ, ಕನ್ನಡಕ ಎಲ್ಲಿ?”

“ಒಂದು ರೇಸಿಗೆ ಸಾಕಾ ಚಿಕ್ಕಪ್ಪ?”

“ವರ್ಷದ್ದೇ ಹಾಕು. ಅಗ್ಗ ಬೀಳುತ್ತೆ.”